ಜ್ವರಾನಂತರದ ನಿಶ್ಶಕ್ತಿಗೆ ಕಂಪನ ವ್ಯಾಯಾಮ

ಜ್ವರ ಬಿಟ್ಟಿತೆಂದರೆ ಕಾಯಿಲೆ ಮುಗಿಯಿತೆಂದು ಎಣಿಸುವುದು ನಮ್ಮ ವರ್ತಕರಲ್ಲಿ ಸಾಮಾನ್ಯ. ಆಸ್ಪತ್ರೆಯಿಂದ ಮರಳಿದ ಹಮಾಲಿ ಮರುವಾರವೇ ಅಡಿಕೆ ಚೀಲ ಹೊರಬೇಕೆಂದು ನಿರೀಕ್ಷಿಸುತ್ತೇವೆ. ಆದರೆ ಮಂಗನ ಕಾಯಿಲೆಯನ್ನು ಕಂಡ ಜಿಲ್ಲೆ ನಮ್ಮದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಾಣು ಜ್ವರವು ಉಣುಗಿನ ಕಡಿತದಿಂದ ಹರಡುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗವನ್ನು ಅದು ತಲ್ಲಣಗೊಳಿಸಿತ್ತು. ಜ್ವರ ಇಳಿದ ಮೇಲೂ ಸ್ನಾಯುಗಳ ನಿಶ್ಶಕ್ತಿ ವಾರಗಟ್ಟಲೆ ಉಳಿಯುತ್ತದೆ. ಕೆಲವರಿಗೆ ಜ್ವರ ಮರುಕಳಿಸುವುದೂ ಉಂಟು. 2020ರ ನಂತರ ಕೋವಿಡ್ ಇದೇ ಪಾಠವನ್ನು ಮನೆಮನೆಗೂ ಕಲಿಸಿತು.

ಇಂತಹ ನಿಶ್ಶಕ್ತಿಗೆ ಪರಿಹಾರವೆಂದು ಕಂಪನ ಹಲಗೆಗಳ ಮಾರಾಟ ನಡೆದಿದೆ. ಮೋಟಾರು ಚಾಲಿತವಾದ ಈ ಹಲಗೆಯ ಮೇಲೆ ಮೊಣಕಾಲನ್ನು ತುಸು ಬಾಗಿಸಿ ನಿಂತಾಗ, ಅದು ಸೆಕೆಂಡಿಗೆ ಇಪ್ಪತ್ತು ಮೂವತ್ತು ಬಾರಿ ಕಂಪಿಸುತ್ತದೆ. ಪ್ರತಿ ಕಂಪನಕ್ಕೂ ಕಾಲಿನ ಸ್ನಾಯು ತಾನಾಗಿಯೇ ಬಿಗಿಯಾಗಿ ಸಡಿಲಗೊಳ್ಳುತ್ತದೆ.

ಇದು ಬರಿಯ ಜಾಹೀರಾತಿನ ಮಾತಲ್ಲ. 2003ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಯುವಕರನ್ನು ಎಂಟು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ಕಂಪನ ವ್ಯಾಯಾಮ ಮಾಡಿದವರ ಕಾಲಿನ ಸ್ನಾಯು ಉಳಿದವರಷ್ಟು ಕ್ಷೀಣಿಸಲಿಲ್ಲ. ಆದರೆ ಅವರು ಸುಮ್ಮನೆ ಮಲಗಿರಲಿಲ್ಲ. ಕಂಪಿಸುವ ಹಲಗೆಯನ್ನು ಕಾಲಿನಿಂದ ಬಲವಾಗಿ ಒತ್ತುತ್ತಿದ್ದರು. ಮಾರಾಟಗಾರರು ಈ ಅಂಶವನ್ನು ಹೇಳುವುದು ಕಡಿಮೆ.

ಕಂಪನವೆಲ್ಲವೂ ಹಿತಕರವೂ ಅಲ್ಲ. ಫೌಂಡ್ರಿಯಲ್ಲಿ ಗ್ರೈಂಡರ್ ಹಿಡಿದು ದಿನವಿಡೀ ಎರಕದ ಅಂಚು ಉಜ್ಜುವವನ ಬೆರಳುಗಳು ಜೋಮು ಹಿಡಿದು ಬಿಳಿಚಿಕೊಳ್ಳುವುದೂ ಕಂಪನದಿಂದಲೇ. ಚಿಕಿತ್ಸೆಯಲ್ಲಿ ಅದು ಕೆಲವೇ ನಿಮಿಷ, ನಡುವೆ ವಿಶ್ರಾಂತಿ ಸಹಿತ. ಜ್ವರವಿರುವಾಗ ಈ ಹಲಗೆ ಕೂಡದು. ಗರ್ಭಿಣಿಯರು, ಪೇಸ್‌ಮೇಕರ್ ಉಳ್ಳವರು, ರಕ್ತ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಮೂಳೆ ಮುರಿದವರು ವೈದ್ಯರನ್ನು ಕೇಳದೆ ಹತ್ತಬಾರದು. ಕೋವಿಡ್ ಬಳಿಕ ತುಸು ಶ್ರಮಕ್ಕೂ ಮರುದಿನ ಹಾಸಿಗೆ ಹಿಡಿಯುವವರಿಗಂತೂ ಯಾವ ವ್ಯಾಯಾಮವನ್ನೂ ಒತ್ತಾಯಿಸಲಾಗದು.

ಹಾಗಾಗಿ ಅಂಗಡಿಗೋ ಕಾರ್ಖಾನೆಗೋ ಯಂತ್ರ ಕೊಳ್ಳುವ ಮುನ್ನ ಕಾರ್ಮಿಕನನ್ನು ಒಮ್ಮೆ ಫಿಸಿಯೋಥೆರಪಿ ತಜ್ಞರಲ್ಲಿಗೆ ಕಳುಹಿಸುವುದು ಲೇಸು. ಕುರ್ಚಿಯಿಂದ ಎದ್ದು ಕೂರುವುದು, ದಿನಕ್ಕಿಷ್ಟು ನಡಿಗೆ, ಇವುಗಳಿಂದ ಅವರು ಆರಂಭಿಸಬಹುದು. ಅದಕ್ಕೆ ಬಂಡವಾಳ ಬೇಡ. ಕೆಲಸಕ್ಕೆ ಮರಳಿದ ಮೊದಲ ವಾರಗಳಲ್ಲಿ ಹೊರೆಯ ಬದಲು ತೂಕದ ಲೆಕ್ಕ ಬರೆಯುವಂತಹ ಕೆಲಸ ಕೊಡಬಹುದು. ಇ.ಎಸ್.ಐ. ವ್ಯಾಪ್ತಿಯಲ್ಲಿದ್ದು ವಂತಿಗೆ ಕ್ರಮವಾಗಿ ಕಟ್ಟಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ ಗರಿಷ್ಠ 91 ದಿನ, ವೇತನದ ಶೇ. 70ರಂತೆ ಅನಾರೋಗ್ಯ ಭತ್ಯೆ ದೊರೆಯುತ್ತದೆ. ಈ ಸೌಲಭ್ಯವನ್ನು ಕಾರ್ಮಿಕನಿಗೆ ತಿಳಿಸಬೇಕಾದವರು ಮಾಲೀಕರೇ.