ಖಾಲಿ ಟ್ಯಾಂಕಿನ ಅಪಾಯ: ಘಟ್ಟದ ನೆಲದಿಂದ ಹಳೇ ತೈಲ ಟ್ಯಾಂಕ್ ತೆಗೆಯುವ ಬಗೆ

ಎಡಕುಮೇರಿ ರೈಲು ನಿಲ್ದಾಣದ ಸುತ್ತಲ ಕಾಡಿನಲ್ಲಿ ಬಿದ್ದ ಮಳೆ ಗುಂಡ್ಯ ಹೊಳೆಯ ದಾರಿ ಹಿಡಿದು ಕುಮಾರಧಾರೆ ಸೇರುತ್ತದೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಮಂಗಳೂರಿನ ಕಡಲಿಗೆ ಇಳಿಯುತ್ತದೆ. ಸಕಲೇಶಪುರ ಪೇಟೆಯ ಮಳೆಯದು ಇನ್ನೊಂದು ದಾರಿ: ಹೇಮಾವತಿ, ಗೊರೂರು ಅಣೆಕಟ್ಟೆ, ಅಲ್ಲಿಂದ ಕಾವೇರಿ. ಈ ಎರಡು ನೀರಿನ ನಡುವಿನ ಏಣನ್ನು ದಾಟಿ ರಾಷ್ಟ್ರೀಯ ಹೆದ್ದಾರಿ 75 ಹೋಗುತ್ತದೆ. ಹೆದ್ದಾರಿಯೆಂದರೆ ಪೆಟ್ರೋಲ್ ಬಂಕ್. ಬಂಕ್ ಎಂದರೆ ನೆಲದಡಿಯ ಉಕ್ಕಿನ ಟ್ಯಾಂಕ್. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಮೇಲೆ, ಇದೇ ಬೆಟ್ಟಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದವರೂ ಕುಡಿಯಲೆಂದು ಕಾಯುತ್ತಿದ್ದಾರೆ. ಹಾಗಾಗಿ ಇಲ್ಲಿನ ಒಂದು ಟ್ಯಾಂಕ್ ಸೋರಿದರೆ ಅದು ಬಂಕ್ ಮಾಲೀಕರೊಬ್ಬರ ನಷ್ಟವಾಗಿ ಮುಗಿಯುವುದಿಲ್ಲ.

ರಸ್ತೆ ಅಗಲವಾಗಿ ಬಂಕ್ ಹಿಂದೆ ಸರಿಯಬೇಕಾದಾಗಲೋ, ವ್ಯಾಪಾರ ನಿಂತಾಗಲೋ, ಟ್ಯಾಂಕಿಗೆ ವಯಸ್ಸಾದಾಗಲೋ ಅದನ್ನು ಹೊರತೆಗೆಯಬೇಕಾಗುತ್ತದೆ. ಮಲೆನಾಡಿನ ಮಣ್ಣು ಆಮ್ಲೀಯ, ವರ್ಷದ ಹಲವು ತಿಂಗಳು ತೇವ. ಉಕ್ಕಿಗೆ ಸುತ್ತಿದ ಡಾಂಬರು ಹೊದಿಕೆ ಒಂದು ಕಡೆ ಸುಲಿದರೆ ಸಾಕು, ತುಕ್ಕು ಅಲ್ಲೇ ಕೊರೆಯಲು ಶುರು ಮಾಡುತ್ತದೆ. ತೂತಿಗೆ ಇನ್ನೊಂದು ಜಾಗವೂ ಇದೆ: ಅಳತೆ ಕೋಲು ಇಳಿಸುವ ಕೊಳವೆಯ ನೇರ ಕೆಳಗೆ. ದಿನವೂ ಹಿತ್ತಾಳೆ ತುದಿಯ ಕೋಲು ತಳಕ್ಕೆ ಬಡಿದು ಬಡಿದು ತಗಡು ಸವೆಯುತ್ತದೆ. ಅಲ್ಲಿ ದಪ್ಪ ಪಟ್ಟಿಯೊಂದನ್ನು ಬೆಸೆದು ಕೂರಿಸುವುದು ಇದಕ್ಕಾಗಿಯೇ.

ಟ್ಯಾಂಕ್ ತೂತಾಗಿದೆಯೆಂದು ಮೊದಲು ಹೇಳುವುದು ಸ್ಟಾಕ್ ಪುಸ್ತಕ. ಬೇಸಿಗೆಯಲ್ಲಿ ಲೆಕ್ಕಕ್ಕಿಂತ ಎಣ್ಣೆ ಕಡಿಮೆ. ಮಳೆಗಾಲದಲ್ಲಿ ಅಂತರ್ಜಲ ಟ್ಯಾಂಕಿನ ಮಟ್ಟಕ್ಕಿಂತ ಮೇಲೇರಿದಾಗ ಅದೇ ತೂತಿನಿಂದ ನೀರು ಒಳಕ್ಕೆ. ಕೋಲಿನ ತುದಿಗೆ ನೀರು ಪತ್ತೆ ಪೇಸ್ಟ್ ಸವರಿ ಇಳಿಸಿದರೆ ಬಣ್ಣ ಬದಲಾಗುತ್ತದೆ. ಮಲ್ಪೆ, ಮಂಗಳೂರು ಧಕ್ಕೆಯಂಥ ಕಡಲ ದಂಡೆಯಲ್ಲಿ ಉಬ್ಬರವಿಳಿತ ನೆಲದಡಿಯ ನೀರನ್ನು ಏರಿಳಿಸಿದರೆ, ಇಲ್ಲಿ ಆ ಕೆಲಸವನ್ನು ಜೂನ್ ತಿಂಗಳು ಮಾಡುತ್ತದೆ. 2023ರಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಂದಮೇಲೆ ಈ ನೀರಿನ ಕಾಟ ಇನ್ನೂ ದೊಡ್ಡದು: ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಂದಿಗೆ ತಳಕ್ಕಿಳಿಯುತ್ತದೆ.

ತೆಗೆಯುವ ಕೆಲಸ ಕಾಗದದಿಂದ ಶುರುವಾಗುತ್ತದೆ. ಪೆಟ್ರೋಲಿಯಂ ಕಾಯ್ದೆ 1934ರದ್ದು, ನಿಯಮಗಳು 2002ರವು. ಬಂಕ್‌ಗಳಿಗೆ ಪರವಾನಗಿ ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಅದಕ್ಕೂ ತೈಲ ಕಂಪನಿಗೂ ತಿಳಿಸದೆ ಜೆಸಿಬಿ ತರಿಸಬಾರದು.

ಮೊದಲು ವಿದ್ಯುತ್ ಸಂಪರ್ಕ ಕಡಿದು, ಎಣ್ಣೆಯನ್ನು ಟ್ಯಾಂಕರ್‌ಗೆ ಪಂಪ್ ಮಾಡುತ್ತಾರೆ. ಪಂಪಿಗೆ ಸಿಗದ ತಳದ ಉಳಿಕೆಯನ್ನು ಕೈಪಂಪಿನಿಂದ ಎಳೆಯಬೇಕು. ಈಗ ಟ್ಯಾಂಕ್ ಖಾಲಿ, ಇನ್ನು ಭಯವಿಲ್ಲ ಎಂದು ನೋಡುವವರಿಗೆ ಅನಿಸುತ್ತದೆ. ನಿಜವಾದ ಅಪಾಯ ಶುರುವಾಗುವುದು ಇಲ್ಲಿಂದ. ತುಂಬಿದ ಟ್ಯಾಂಕಿನಲ್ಲಿ ಉರಿಯಲು ಬೇಕಾದಷ್ಟು ಗಾಳಿಯಿರುವುದಿಲ್ಲ. ಖಾಲಿಯಾದಾಗ ಗಾಳಿ ನುಗ್ಗಿ ಆವಿಯೊಂದಿಗೆ ಬೆರೆಯುತ್ತದೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿಗೆ ಸ್ಫೋಟ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರದೆ ಗುಂಡಿಯಲ್ಲೇ ಹಾಸಿಕೊಳ್ಳುತ್ತದೆ.

ಹಾಗಾಗಿ ಟ್ಯಾಂಕಿನೊಳಗಿನ ಆವಿ ಹೊತ್ತಿಕೊಳ್ಳದಂತೆ ಮಾಡಬೇಕು. ನೀರು ತುಂಬಿಸಿ ಆವಿಯನ್ನು ಹೊರದೂಡುವುದು ಹಳೇ ಪದ್ಧತಿ. ಘಟ್ಟದಲ್ಲಿ ನೀರಿಗೆ ಬರವಿಲ್ಲ, ಆದರೆ ಆಮೇಲೆ ಆ ಇಪ್ಪತ್ತು ಸಾವಿರ ಲೀಟರ್ ಎಣ್ಣೆನೀರನ್ನು ಎಲ್ಲಿ ಬಿಡುತ್ತೀರಿ? ಪಕ್ಕದ ಹಳ್ಳಕ್ಕೆ ಬಿಟ್ಟರೆ ಅಪರಾಧ. ನನ್ನ ಮತ ಒಣ ಮಂಜುಗಡ್ಡೆಯ ಅಥವಾ ನೈಟ್ರೋಜನ್‌ನ ಪರ. ಸಾವಿರ ಲೀಟರ್ ಸಾಮರ್ಥ್ಯಕ್ಕೆ 2 ಕಿಲೋಗ್ರಾಂಗೆ ಸ್ವಲ್ಪ ಕಡಿಮೆ ಲೆಕ್ಕದಲ್ಲಿ ಒಣ ಮಂಜುಗಡ್ಡೆ ಪುಡಿ ಮಾಡಿ ಹಾಕಿದರೆ, ಅದು ಕಾರ್ಬನ್ ಡೈಆಕ್ಸೈಡ್ ಆಗಿ ಆಮ್ಲಜನಕವನ್ನು ಹೊರಹಾಕುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಅನಿಲ ಮಾಪಕ ಕೆಲಸ ಮಾಡಲು ಅದಕ್ಕೇ ಆಮ್ಲಜನಕ ಬೇಕು. ಆಮ್ಲಜನಕವಿಲ್ಲದ ಟ್ಯಾಂಕಿನಲ್ಲಿ ಅದು ಆವಿ ಇದ್ದರೂ ‘ಇಲ್ಲ’ ಎಂದು ತೋರಿಸಬಹುದು. ಆಗ ನೋಡಬೇಕಾದದ್ದು ಆಮ್ಲಜನಕದ ಅಳತೆ. ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ. ಆ ಟ್ಯಾಂಕಿಗೆ ಮನುಷ್ಯ ಇಳಿದರೆ ಉಸಿರುಗಟ್ಟಿ ಸಾಯುತ್ತಾನೆ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಹಾಗೇ ಇಳಿಯುವುದು ಎರಡನೇ ಸಾವು.

ಆಮೇಲೆ ಅಗೆತ. ಮೇಲ್ಭಾಗ ಬಿಡಿಸಿ, ಕೊಳವೆಗಳನ್ನು ಕಳಚಿ, ಆವಿ ಹೋಗುವ ಕೊಳವೆಯೊಂದನ್ನು ಬಿಟ್ಟು ಉಳಿದ ಬಾಯಿಗಳನ್ನೆಲ್ಲ ಮುಚ್ಚುತ್ತಾರೆ. ಈ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. 20,000 ಲೀಟರಿನ ಖಾಲಿ ಟ್ಯಾಂಕಿನ ತೂಕ ಸುಮಾರು 3 ಟನ್. ಅದು ಪೂರ್ತಿ ಮುಳುಗಿದರೆ ಮೇಲಕ್ಕೆ ತಳ್ಳುವ ನೀರಿನ ಬಲ 20 ಟನ್. ಗುಂಡಿಗೆ ನೀರು ನುಗ್ಗಿದರೆ ಬಾವಿಯಲ್ಲಿ ಖಾಲಿ ಕೊಡ ತೇಲಿದಂತೆ ಟ್ಯಾಂಕ್ ಏಳುತ್ತದೆ, ಕಾಂಕ್ರೀಟ್ ನೆಲವನ್ನೂ ಒಡೆದುಕೊಂಡು. ನೆನೆದ ಗುಂಡಿಯ ಗೋಡೆಯೂ ನಿಲ್ಲುವುದಿಲ್ಲ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮಣ್ಣು ಕುಸಿದು ಮಂಗಳೂರು ರೈಲುಗಳೇ ನಿಂತವು. ಅಂಥ ನೆಲದಲ್ಲಿ ಮಳೆಗಾಲದ ಹೊತ್ತಿಗೆ ಮೂರು ನಾಲ್ಕು ಮೀಟರ್ ಗುಂಡಿ ತೋಡಿ ಆಳುಗಳನ್ನು ಇಳಿಸುವುದು ಅಕ್ಷಮ್ಯ.

ಕ್ರೇನ್ ಟ್ಯಾಂಕನ್ನು ಎತ್ತಿ ಲಾರಿಗೇರಿಸಿದೊಡನೆ ಎಲ್ಲರೂ ಮನೆಗೆ ಹೊರಡುತ್ತಾರೆ. ಆದರೆ ಊರಿಗೆ ಬೇಕಾದ ಕೆಲಸ ಇನ್ನೂ ಗುಂಡಿಯಲ್ಲೇ ಇದೆ. ಟ್ಯಾಂಕಿನ ಎರಡೂ ತುದಿಗಳ ಕೆಳಗಿನ, ಕೊಳವೆ ಕೂಡುವ ಜಾಗದ ಮಣ್ಣನ್ನು ತೆಗೆದು ನೋಡಬೇಕು. ಕೆಂಪು ಮಣ್ಣು ಬೂದುಹಸಿರಿಗೋ ಕಪ್ಪಿಗೋ ತಿರುಗಿದ್ದರೆ, ಎಣ್ಣೆ ವಾಸನೆಯಿದ್ದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕೆಟ್ಟ ಮಣ್ಣನ್ನು ಟಾರ್ಪಾಲಿನ ಮೇಲೆ ಬೇರೆ ರಾಶಿ ಹಾಕಬೇಕು, ಅದನ್ನೇ ಗುಂಡಿಗೆ ಮರಳಿ ತುಂಬಬಾರದು. ತಳದ ಕೆಸರು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೇ ಕೊಡಬೇಕು. ಟ್ಯಾಂಕನ್ನು ಗ್ಯಾಸ್ ಕಟರ್ ಹಿಡಿದ ಗುಜರಿಯವರಿಗೆ ಹಾಗೇ ಮಾರುವುದು ಬೇರೊಬ್ಬರ ಅಂಗಳಕ್ಕೆ ಬಾಂಬ್ ಕಳಿಸಿದ ಹಾಗೆಯೇ: ತುಕ್ಕಿನ ಪದರದಲ್ಲಿ ಕೂತ ಎಣ್ಣೆ ಬಿಸಿಗೆ ಮತ್ತೆ ಆವಿಯಾಗುತ್ತದೆ.

ಅಮೆರಿಕದಲ್ಲಿ 1984ರಲ್ಲಿ ಕಾನೂನು ತಂದು, 1998ರ ಡಿಸೆಂಬರ್ 22ರೊಳಗೆ ರಕ್ಷಣೆಯಿಲ್ಲದ ಹಳೇ ಟ್ಯಾಂಕ್‌ಗಳನ್ನೆಲ್ಲ ಸರಿಪಡಿಸಿ, ಇಲ್ಲವೇ ಮುಚ್ಚಿ ಎಂದು ಗಡುವು ಕೊಟ್ಟರು. ನಮ್ಮಲ್ಲೂ 2020ರಿಂದ ಹೊಸ ಬಂಕ್‌ಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಿದೆ. ಹಳೆಯವುಗಳ ಕೆಳಗಿನ ಮಣ್ಣಿಗೂ ಅಷ್ಟೇ ಕಟ್ಟುನಿಟ್ಟು ಬೇಕು.

ಕಾಫಿ ತೋಟದವರಿಗೊಂದು ಮಾತು. ಡೀಸೆಲನ್ನು ಒಂದೊಂದು ಪಾತ್ರೆಯಲ್ಲಿ 1,000 ಲೀಟರ್ ಮೀರದಂತೆ, ಒಟ್ಟು 2,500 ಲೀಟರ್ ತನಕ ಪರವಾನಗಿಯಿಲ್ಲದೆ ಇಟ್ಟುಕೊಳ್ಳಲು ಕಾಯ್ದೆ ಬಿಡುತ್ತದೆ. ಅದನ್ನು ನೆಲದ ಮೇಲೆ, ಕಣ್ಣಿಗೆ ಕಾಣುವಲ್ಲಿ, ಸೋರಿದರೆ ಹಿಡಿಯುವ ಕಟ್ಟೆಯೊಳಗೆ ಇಡಿ. ಹಿಂದಿನವರು ಹೂತ ಟ್ಯಾಂಕ್ ಶೆಡ್ಡಿನ ಪಕ್ಕದಲ್ಲಿದ್ದರೆ ಅದನ್ನು ಮುಟ್ಟುವ ಮುನ್ನ ಕೆಳಗಿನ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಈ ಕೆಲಸ ಬಲ್ಲ ಗುತ್ತಿಗೆದಾರರನ್ನೇ ಕರೆಸಿ, ಮತ್ತು ಗುಂಡಿ ಮುಚ್ಚುವ ಮೊದಲು ಮಣ್ಣಿನ ವರದಿ ಕೈಗೆ ಬರಲಿ ಎಂದು ಹಟ ಹಿಡಿಯಿರಿ.