ಸ್ಟೌ ಸಿಡಿದ ಸದ್ದು ಕೇಳಿದವರು

ಸೀಮೆಎಣ್ಣೆ ಸ್ಟೌ ಮನೆಮನೆಯಲ್ಲಿ ಉರಿಯುತ್ತಿದ್ದ ಕಾಲದಲ್ಲಿ ಪತ್ರಿಕೆಗಳ ಒಳಪುಟಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತಿದ್ದ ಸುದ್ದಿಯೊಂದಿತ್ತು. ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ತಲೆಬರಹ, ಕೆಳಗೆ ನಾಲ್ಕೈದು ಸಾಲು. ಹೆಸರು, ವಯಸ್ಸು, ಬಡಾವಣೆ, ಸೇರಿಸಿದ ಆಸ್ಪತ್ರೆ, ದೂರು ದಾಖಲಾದ ಠಾಣೆ. ಅಷ್ಟಕ್ಕೇ ಸುದ್ದಿ ಮುಗಿಯುತ್ತಿತ್ತು. ಓದುಗರೂ ‘ಪಾಪ’ ಎಂದು ಪುಟ ತಿರುಗಿಸುತ್ತಿದ್ದರು. ಅದೇ ಸ್ಟೌ ಮುಂದೆ ಅತ್ತೆಯೂ ಕೂರುತ್ತಿದ್ದರು, ನಾದಿನಿಯೂ ಕೂರುತ್ತಿದ್ದಳು. ಚಹಾ ಅಂಗಡಿಗಳಲ್ಲಿ ಗಂಡಸರು ಬೆಳಗಿನಿಂದ ರಾತ್ರಿಯವರೆಗೆ ಅದಕ್ಕೆ ಪಂಪ್ ಹೊಡೆಯುತ್ತಿದ್ದರು. ಆದರೂ ಅದು ಸಿಡಿದು ಸತ್ತವರ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದುದು ಮದುವೆಯಾಗಿ ಒಂದೆರಡು ವರ್ಷವಾದ ಸೊಸೆ.

ಎಲ್ಲವೂ ಕೊಲೆಯೆಂದು ಹೇಳಲಾಗದು. ನೈಲಾನ್ ಸೀರೆಯ ಸೆರಗಿಗೆ ಬೆಂಕಿ ತಗುಲಿ, ಇಕ್ಕಟ್ಟಾದ ಅಡುಗೆಮನೆಯಲ್ಲಿ ಓಡಲು ಜಾಗವಿಲ್ಲದೆ ಸತ್ತವರೂ ಇದ್ದಾರೆ. ಹಿಂಸೆ ತಾಳಲಾರದೆ ತಾವೇ ಎಣ್ಣೆ ಸುರಿದುಕೊಂಡವರೂ ಇದ್ದಾರೆ. ಆದರೆ ಮೂರನ್ನೂ ಬೇರೆ ಬೇರೆ ಮಾಡಿ ನೋಡುವ ಗೊಡವೆಗೆ ಪೊಲೀಸರಾಗಲಿ ಪತ್ರಿಕೆಗಳಾಗಲಿ ಹೋಗುತ್ತಿದ್ದುದು ಕಡಿಮೆ. ಇನ್ನು ಅಕ್ಕಪಕ್ಕದ ಮನೆಯವರಿಗೆ ಗಾದೆಯೇ ಆಸರೆ: ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಗೋಡೆಯಾಚೆಯಿಂದ ಬರುವ ಅಳು, ಪಾತ್ರೆ ಬೀಳುವ ಸದ್ದು, ಕಡೆಗೆ ಕಿರುಚಾಟ, ಎಲ್ಲವೂ ಆ ಗಾದೆಯೊಳಗೆ ಅಡಗಿಹೋಗುತ್ತಿತ್ತು.

ಇದು ಹೊಸದೇನಲ್ಲ. ಕನ್ನಡದ ಹೆಸರಾಂತ ಕಥನಗೀತೆ ‘ಕೆರೆಗೆ ಹಾರ’ವನ್ನು ನೆನೆಯಬಹುದು. ತನ್ನನ್ನು ಕೆರೆಗೆ ಬಲಿ ಕೊಡುತ್ತಾರೆಂದು ತಿಳಿದ ಕಿರಿಯ ಸೊಸೆ ಭಾಗೀರಥಿ ತವರಿಗೆ ಹೋಗುತ್ತಾಳೆ. ಹೆತ್ತವರ ಮುಂದೆ ನಿಜ ಹೇಳಲಾರದೆ ಬೇರೇನೋ ನೆಪ ಹೇಳುತ್ತಾಳೆ. ನಿಜ ಹೇಳುವುದು ಗೆಳತಿಯ ಮುಂದೆ ಮಾತ್ರ. ಆ ಗೆಳತಿ ಕೊಡುವ ಬುದ್ಧಿಮಾತು, ಅವರು ಇಟ್ಟಂತೆ ಇರಬೇಕು ಎಂಬುದು. ಇಲ್ಲಿ ಬೆಂಕಿಯ ಬದಲು ನೀರಿದೆ, ವರದಕ್ಷಿಣೆಯ ಬದಲು ಊರಿನ ಒಳಿತಿದೆ. ಆದರೆ ಎಲ್ಲ ತಿಳಿದೂ ‘ಹೊಂದಿಕೊಂಡು ಹೋಗು’ ಎನ್ನುವ ಆ ಗೆಳತಿ ಇಂದಿಗೂ ಪ್ರತಿ ಬೀದಿಯಲ್ಲಿ ಸಿಗುತ್ತಾಳೆ.

ಈ ಮೌನ ಬಹಿರಂಗವಾಗಿ ಒಡೆದದ್ದು 1979ರ ಬೇಸಿಗೆಯಲ್ಲಿ, ದೆಹಲಿಯ ಮಾಡೆಲ್ ಟೌನ್ ಬಡಾವಣೆಯಲ್ಲಿ. ಆ ಮೇ ತಿಂಗಳಲ್ಲಿ ಅಲ್ಲಿನ ಮನೆಯೊಂದರಲ್ಲಿ 24 ವರ್ಷದ ಸೊಸೆ ಸುಟ್ಟಗಾಯಗಳಿಂದ ಸತ್ತಳು. ಅತ್ತೆ ಮತ್ತು ನಾದಿನಿ ಬೆಂಕಿ ಹಚ್ಚಿದರೆಂದು ಸಾಯುವ ಮುನ್ನ ಆಕೆ ಹೇಳಿದ್ದಳು. ಆದರೂ ಪೊಲೀಸರು ಅದನ್ನು ಆತ್ಮಹತ್ಯೆಯೆಂದು ಬರೆದುಕೊಂಡರು. ಜೂನ್ 1ರಂದು ‘ಸ್ತ್ರೀ ಸಂಘರ್ಷ್’ ಎಂಬ ಮಹಿಳಾ ಗುಂಪು ಮೆರವಣಿಗೆ ಹೊರಟಿತು. ಅದು ಹೋಗಿ ನಿಂತದ್ದು ಪೊಲೀಸ್ ಠಾಣೆಯ ಮುಂದೆಯೂ ಅಲ್ಲ, ಸಂಸತ್ತಿನ ಮುಂದೆಯೂ ಅಲ್ಲ; ಆ ಮನೆಯ ಬಾಗಿಲಲ್ಲಿ. ಬಡಾವಣೆಯ ಹೆಂಗಸರು, ಗಂಡಸರು ಮನೆಯಿಂದ ಹೊರಬಂದು ಜೊತೆಗೂಡಿದರು. ಮರುದಿನ ಪತ್ರಿಕೆಗಳು ಅದನ್ನು ಮುಖಪುಟಕ್ಕೆ ತಂದವು. ಒಳಪುಟದ ನಾಲ್ಕು ಸಾಲಿನ ಸುದ್ದಿ ಮುಖಪುಟಕ್ಕೆ ಬರಲು ಒಂದು ಸಾವು ಸಾಕಾಗಲಿಲ್ಲ, ಒಂದು ಮೆರವಣಿಗೆ ಬೇಕಾಯಿತು ಎಂಬುದನ್ನು ಪತ್ರಿಕೆಯವರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮುಂದಿನ ವಾರಗಳಲ್ಲಿ ಇಂಥ ಪ್ರತಿಭಟನೆಗಳು ದೆಹಲಿಯ ಬೇರೆ ಬಡಾವಣೆಗಳಿಗೂ ಹರಡಿದವು. ಕಾರಣ ಊಹಿಸುವುದು ಕಷ್ಟವಲ್ಲ. ಕಾನೂನಿನ ಕೈ ಒಂದು ಮನೆಯನ್ನು ತಲುಪಲು ವರ್ಷಗಳು ಬೇಕು. ಬೀದಿಯ ಮಾತು ಅದೇ ಸಂಜೆ ತಲುಪುತ್ತದೆ. ಇನ್ನೊಬ್ಬ ಮಗನಿಗೆ ಹೆಣ್ಣು ನೋಡುತ್ತಿರುವ ಮನೆಗೆ, ಮಗಳಿಗೆ ಗಂಡು ಹುಡುಕುತ್ತಿರುವ ಮನೆಗೆ ಬಾಗಿಲ ಮುಂದಿನ ಘೋಷಣೆ ಸಣ್ಣ ವಿಷಯವಲ್ಲ. ಅದೇ ವರ್ಷ ದೆಹಲಿಯ ‘ಥಿಯೇಟರ್ ಯೂನಿಯನ್’ ತಂಡದ ಬೀದಿ ನಾಟಕ ‘ಓಂ ಸ್ವಾಹಾ’ ಇದೇ ವಿಷಯವನ್ನು ಜನರ ಮುಂದೆ ತಂದಿತು. ಮದುವೆಯ ಹೋಮದಲ್ಲಿ ಕೇಳಿಬರುವ ಮಂತ್ರವೇ ಆ ಶೀರ್ಷಿಕೆ. ವಿವರಣೆ ಬೇಕಿಲ್ಲ.

ಬೀದಿಯ ಕೋಪ ನ್ಯಾಯಾಲಯದೊಳಗೆ ಸಾಕ್ಷ್ಯವಾಗುವುದಿಲ್ಲ. ಅಲ್ಲಿ ಬೇಕಾದುದು ಕಂಡವರು, ಕೇಳಿದವರು. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಕಾನೂನು ವಲಯದಲ್ಲಿ ಸುಧಾ ಗೋಯಲ್ ಪ್ರಕರಣವೆಂದೇ ಹೆಸರಾದ ಮೊಕದ್ದಮೆ. 1980ರ ಡಿಸೆಂಬರ್ 1ರ ರಾತ್ರಿ ದೆಹಲಿಯ ಮನೆಯೊಂದರಲ್ಲಿ ತುಂಬು ಗರ್ಭಿಣಿಯೊಬ್ಬಳು ಹೊತ್ತಿ ಉರಿದಳು. ಕಿರುಚಾಟ ಕೇಳಿ ನೆರೆಮನೆಯವರು ಓಡಿಬಂದರು. ಅತ್ತೆಯ ಮನೆಯವರೇ ತನಗೆ ಬೆಂಕಿ ಹಚ್ಚಿದರೆಂದು ಆಕೆ ಅವರ ಮುಂದೆ ಹೇಳಿದಳು. ಆದರೆ ಆಸ್ಪತ್ರೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆ ಮನೆಯವರನ್ನು ಬಿಡಿಸುವಂತಿತ್ತು. ಯಾವುದನ್ನು ನಂಬಬೇಕು? ಸರ್ಕಾರಿ ಕಾಗದದ ಮೇಲಿನ ಹೇಳಿಕೆಯನ್ನೋ, ಬೆಂಕಿ ಕಂಡು ಓಡಿಬಂದ ನೆರೆಯವರ ಕಿವಿಗೆ ಬಿದ್ದ ಮಾತನ್ನೋ?

1983ರ ಮೇ ತಿಂಗಳಲ್ಲಿ ಸೆಷನ್ಸ್ ನ್ಯಾಯಾಲಯ ನೆರೆಯವರನ್ನು ನಂಬಿ ಗಂಡ, ಅತ್ತೆ, ಮೈದುನ ಮೂವರಿಗೂ ಮರಣದಂಡನೆ ವಿಧಿಸಿತು. ಅದೇ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮೂವರನ್ನೂ ಖುಲಾಸೆ ಮಾಡಿತು. ಮಹಿಳಾ ಸಂಘಟನೆಗಳು ಸಿಡಿದೆದ್ದವು. ಸರ್ಕಾರದ ಜೊತೆಗೆ ಮಹಿಳಾ ವಕೀಲರ ಒಕ್ಕೂಟವೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಖಾಸಗಿ ಮನೆಯ ಸಾವೊಂದರಲ್ಲಿ ಸಂಬಂಧಿಕರಲ್ಲದ ಹೆಂಗಸರು ‘ಇದು ನಮಗೂ ಸಂಬಂಧಿಸಿದ್ದು’ ಎಂದು ಅತ್ಯುನ್ನತ ನ್ಯಾಯಾಲಯದ ಮುಂದೆ ನಿಂತದ್ದು ಸಾಮಾನ್ಯ ಸಂಗತಿಯಲ್ಲ. 1985ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ನೆರೆಯವರ ಸಾಕ್ಷ್ಯವನ್ನು ಒಪ್ಪಿತು. ಗಂಡ ಮತ್ತು ಅತ್ತೆಗೆ ಜೀವಾವಧಿ ಶಿಕ್ಷೆಯಾಯಿತು, ಮೈದುನನನ್ನು ಬಿಡಲಾಯಿತು. ಅಂದು ನೆರೆಯವರು ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದರೆ ಪೊಲೀಸರ ಕಾಗದವೊಂದೇ ಉಳಿಯುತ್ತಿತ್ತು.

ಸಾಯುವ ಹೆಂಗಸು ‘ಸ್ಟೌ ಸಿಡಿಯಿತು’ ಎಂದು ಏಕೆ ಹೇಳುತ್ತಾಳೆ ಎಂದು ಹಲವರು ಕೇಳುತ್ತಾರೆ. ಸುಟ್ಟಗಾಯದ ವಾರ್ಡಿನಲ್ಲಿ ಮಂಚದ ಪಕ್ಕ ನಿಲ್ಲುವವರು ಹೆಚ್ಚಾಗಿ ಗಂಡನ ಮನೆಯವರೇ. ಆಕೆಯ ಮಗು ಅವರ ಕೈಯಲ್ಲಿದೆ. ಬದುಕಿದರೆ ಮರಳಿ ಹೋಗಬೇಕಾದುದು ಅದೇ ಮನೆಗೆ, ಸತ್ತರೆ ಮಗು ಬೆಳೆಯಬೇಕಾದುದು ಅದೇ ಮನೆಯಲ್ಲಿ. ಹಾಗಾಗಿ ಮೊದಲ ಹೇಳಿಕೆಯಲ್ಲಿ ಸ್ಟೌ ಬರುತ್ತದೆ, ತವರಿನವರು ಬಂದ ಮೇಲೆ ಇನ್ನೊಂದು ಮಾತು ಬರುತ್ತದೆ. ಎರಡು ಹೇಳಿಕೆ ತಾಳೆಯಾಗದಿದ್ದರೆ ಆರೋಪಿಯ ವಕೀಲರಿಗೆ ಕೆಲಸ ಸುಲಭ.

ಮಾತು ಸುಳ್ಳಾಡಿದರೂ ಮೈ ಅಷ್ಟು ಸುಲಭವಾಗಿ ಸುಳ್ಳಾಡದು. ಅಡುಗೆ ಮಾಡುವಾಗ ಸೆರಗಿಗೆ ಬೆಂಕಿ ತಗುಲಿದರೆ ಸಾಮಾನ್ಯವಾಗಿ ಮೈಯ ಮುಂಭಾಗ ಸುಡುತ್ತದೆ. ಎಣ್ಣೆ ಸುರಿದಿದ್ದರೆ ನೆತ್ತಿಯ ಕೂದಲಲ್ಲಿ, ಬೆನ್ನಿನ ಬಟ್ಟೆಯಲ್ಲಿ ಸೀಮೆಎಣ್ಣೆಯ ವಾಸನೆ ಉಳಿದಿರಬಹುದು. ಶ್ವಾಸನಾಳದಲ್ಲಿ ಮಸಿ ಸಿಕ್ಕರೆ ಬೆಂಕಿ ಹತ್ತಿದಾಗ ಜೀವವಿತ್ತು ಎಂದರ್ಥ. ಇನ್ನು ಸಿಡಿದದ್ದೆಂದು ಹೇಳುವ ಸ್ಟೌ! ಅದನ್ನು ತಂದು ನೋಡಿದರೆ ಟ್ಯಾಂಕ್ ಬಿರಿದಿದೆಯೋ ಇಲ್ಲವೋ ಯಾರಿಗೂ ತಿಳಿಯುತ್ತದೆ. ಅಡುಗೆಮನೆ ತೊಳೆದು, ಸುಟ್ಟ ಸೀರೆ ಎಸೆದು, ಶವಸಂಸ್ಕಾರ ಮುಗಿದ ಮೇಲೆ ಬರುವ ತನಿಖೆಗೆ ಇದಾವುದೂ ಸಿಗುವುದಿಲ್ಲ.

ಪ್ರತಿಭಟನೆಗಳಿಂದ ಸಿಕ್ಕ ದೊಡ್ಡ ಫಲ ಈ ಜಾಗದಲ್ಲೇ ಇದೆ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದಿತ್ತು. ಮದುವೆ ಮಾತುಕತೆಯಲ್ಲಿ ಅದಕ್ಕೆ ಹೆದರಿದವರು ಕಡಿಮೆ. 1983ರಲ್ಲಿ ದಂಡಸಂಹಿತೆಗೆ 498ಎ ಕಲಂ ಸೇರಿ, ಗಂಡ ಮತ್ತು ಆತನ ಸಂಬಂಧಿಕರ ಕ್ರೌರ್ಯವೇ ಅಪರಾಧವೆನಿಸಿತು. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಸಂಶಯಾಸ್ಪದವಾಗಿ ಸತ್ತರೆ ಶವಪರೀಕ್ಷೆ, ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯುವಂತೆ ನಿಯಮವಾಯಿತು. ಕರ್ನಾಟಕದಲ್ಲಿ ಇಂಥ ಸಾವಿನ ಮನೆಗೆ ತಹಸೀಲ್ದಾರರು ಬಂದು ಪಂಚನಾಮೆ ಮಾಡುವುದು ಈ ಕಾರಣಕ್ಕೆ. 1986ರಲ್ಲಿ 304ಬಿ ಕಲಂ ಬಂದು ‘ವರದಕ್ಷಿಣೆ ಸಾವು’ ಎಂಬುದೇ ಪ್ರತ್ಯೇಕ ಅಪರಾಧವಾಯಿತು. ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ಸಾಬೀತಾದರೆ ಗಂಡನ ಮನೆಯವರೇ ಕಾರಣರೆಂದು ನ್ಯಾಯಾಲಯ ಭಾವಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 80ನೇ ಕಲಂ. ‘ಹಿಂಸೆ ನಡೆದಿತ್ತು’ ಎಂದು ಹೇಳುವವರು ಯಾರು ಎಂದು ಕೇಳಿದರೆ ಉತ್ತರ ಮತ್ತೆ ತವರಿನವರ ಮತ್ತು ಪಕ್ಕದ ಮನೆಯವರ ಬಳಿಗೇ ಬರುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸವನ್ನು ಹಟ ಹಿಡಿದು ಮಾಡಿದ್ದು ‘ವಿಮೋಚನಾ’ ಸಂಘಟನೆ. ಡೋನಾ ಫರ್ನಾಂಡಿಸ್ ಮತ್ತು ಗೆಳತಿಯರು ಕಟ್ಟಿದ ಈ ಸಂಘಟನೆಯ ಕಾರ್ಯಕರ್ತೆಯರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ತಪ್ಪದೆ ಹೋಗುತ್ತಿದ್ದರು. ನಗರದಲ್ಲಿ ‘ಅಸಹಜ ಸಾವು’ ಎಂದು ಬರೆದು ಮುಚ್ಚಿದ ಕಡತಗಳನ್ನು ಬಿಚ್ಚಿಸಿದರು, ಅಪಘಾತವೆಂದು ಕೈತೊಳೆದುಕೊಂಡ ಪ್ರಕರಣಗಳನ್ನು ಪ್ರಶ್ನಿಸಿದರು. 2009ರಲ್ಲಿ ಬೆಂಗಳೂರಿನಲ್ಲಿ ವರದಕ್ಷಿಣೆ ಹಿಂಸೆ ಕುರಿತು ಮಹಿಳಾ ನ್ಯಾಯಾಲಯವೂ ನಡೆಯಿತು. ತೀರ್ಪು ಕೊಡುವ ಅಧಿಕಾರ ಅದಕ್ಕಿರಲಿಲ್ಲ. ಮಗಳನ್ನು ಕಳೆದುಕೊಂಡವರು, ಬದುಕಿ ಉಳಿದವರು ಎದ್ದು ನಿಂತು ಹೇಳುವುದು, ಉಳಿದವರು ಕುಳಿತು ಕೇಳುವುದು, ಇಷ್ಟೇ ಅಲ್ಲಿನ ಕಲಾಪ.

ಮಗಳನ್ನು ಕಳೆದುಕೊಂಡವರ ಮಾತು ಬಂದಾಗ ದೆಹಲಿಯ ಸತ್ಯರಾಣಿ ಛಡ್ಡಾ ಅವರನ್ನು ಬಿಡುವಂತಿಲ್ಲ. 1979ರಲ್ಲಿ ಅವರ 20 ವರ್ಷದ ಗರ್ಭಿಣಿ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಆ ಮನೆಯ ಬೇಡಿಕೆ ಒಂದು ಸ್ಕೂಟರು. ತಾಯಿ ನ್ಯಾಯಾಲಯಕ್ಕೆ ಅಲೆದರು, ಬೇರೆಯವರ ಮಕ್ಕಳ ಸಾವಿಗೂ ಬೀದಿಗಿಳಿದರು. ಅಂಥದೇ ದುಃಖ ಉಂಡ ಶಾಹಜಹಾನ್ ಆಪಾ ಜೊತೆ ಸೇರಿ 1987ರಲ್ಲಿ ‘ಶಕ್ತಿ ಶಾಲಿನಿ’ ಎಂಬ ಆಶ್ರಯಧಾಮ ತೆರೆದರು. ಅಳಿಯನಿಗೆ ಆದ ಶಿಕ್ಷೆಯನ್ನು ಹೈಕೋರ್ಟ್ ಎತ್ತಿಹಿಡಿದದ್ದು 2013ರಲ್ಲಿ, ಮಗಳು ಸತ್ತು 34 ವರ್ಷಗಳ ಮೇಲೆ. ಅದೂ ಕೊಲೆಗಲ್ಲ, ಆತ್ಮಹತ್ಯೆಗೆ ಪ್ರಚೋದನೆ ನೀಡಿದ್ದಕ್ಕೆ. ಮರುವರ್ಷ ಸತ್ಯರಾಣಿ ತೀರಿಕೊಂಡರು.

ಸೀಮೆಎಣ್ಣೆ ಸ್ಟೌ ಈಗ ನಗರಗಳ ಅಡುಗೆಮನೆಯಿಂದ ಹೆಚ್ಚುಕಡಿಮೆ ಮಾಯವಾಗಿದೆ. ವರದಕ್ಷಿಣೆ ಸಾವು ಮಾಯವಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಇಂಥ ಪ್ರಕರಣಗಳು 6 ಸಾವಿರಕ್ಕೂ ಹೆಚ್ಚು. ಇಷ್ಟಾದರೂ ಗಮನ ಹರಿಯುವುದು ಬೆಂಕಿ ಹೊತ್ತಿದ ಮೇಲೆ. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಗೋಡೆಯಾಚೆ ಕೇಳಿದ ಸದ್ದಿಗೆ ಏನು ಮಾಡಬೇಕು ಎಂಬುದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಉತ್ತರವಿದೆ. ಅದರ 4ನೇ ಕಲಂ ಪ್ರಕಾರ ಹಿಂಸೆ ನಡೆಯುತ್ತಿದೆ, ಅಥವಾ ನಡೆಯಬಹುದು ಎಂದು ನಂಬಲು ಕಾರಣವಿದ್ದ ಯಾರೇ ಆದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಗಾದೆ ‘ಒಳಗೆ ಹೋಗಬೇಡ’ ಎಂದ ಕಡೆ ಕಾನೂನು ‘ಹೋಗಬಹುದು’ ಎಂದಿದೆ.

ಪೊಲೀಸು, ಅಧಿಕಾರಿ ಎಂದರೆ ಹಿಂಜರಿಯುವವರಿಗೆ ಇನ್ನೂ ಸುಲಭದ ದಾರಿಯನ್ನು 2008ರಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆ ತೋರಿಸಿತು. ‘ಬೆಲ್ ಬಜಾವೋ’ ಎಂಬ ಈ ಪ್ರಚಾರ ಕರ್ನಾಟಕದಲ್ಲೂ ನಡೆಯಿತು. ಅದರ ಕಿರುಚಿತ್ರವೊಂದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಪಕ್ಕದ ಮನೆಯೊಳಗಿಂದ ಹೊಡೆತದ, ಅಳುವಿನ ಸದ್ದು ಬರುತ್ತದೆ. ಆಟ ನಿಲ್ಲುತ್ತದೆ. ಒಬ್ಬ ಹುಡುಗ ಹೋಗಿ ಆ ಮನೆಯ ಬೆಲ್ ಒತ್ತುತ್ತಾನೆ. ಬಾಗಿಲು ತೆರೆದ ಗಂಡಸಿನ ಬಳಿ ಆತ ಕೇಳುವುದು ಚೆಂಡು.