ಹೊಟ್ಟೆ ಸುಮ್ಮನಿದೆ ಅಂದರೆ ಸರಿಯಿದೆ ಅಂತಲ್ಲ

ಕರಾವಳಿಯಲ್ಲಿ ಗೇರುಹಣ್ಣಿನ ಕಾಲ ಬಂದರೆ ಅಜೀರ್ಣಕ್ಕೂ ಹೊಟ್ಟೆನೋವಿಗೂ ಒಂದೇ ಮದ್ದು ಹೇಳುವವರಿದ್ದಾರೆ: ಒಂದು ಗುಟುಕು ಗೇರುಹಣ್ಣಿನ ಸಾರಾಯಿ. ‘ಹಣ್ಣಿನದ್ದಲ್ವಾ ಮಾರಾಯ್ರೇ, ಏನಾಗ್ತದೆ?’

ಹಣ್ಣಿನದ್ದೇ, ಸುಳ್ಳಲ್ಲ. ಆದರೆ ಭಟ್ಟಿ ಇಳಿಸುವಾಗ ಹಂಡೆಯಿಂದ ಮೇಲೇಳುವುದು ಆಲ್ಕೋಹಾಲು, ನೀರಾವಿ, ಒಂದಿಷ್ಟು ಘಮ. ನಾಲಿಗೆ ಒಗರಾಗಿಸುವ ಟ್ಯಾನಿನ್ ತಳದಲ್ಲೇ ಉಳಿಯುತ್ತದೆ. ಬಾಟಲಿಗೆ ಬಂದದ್ದರಲ್ಲಿ ಹಣ್ಣಿನ ಹೆಸರು ಬಿಟ್ಟರೆ ಹಣ್ಣಿನ ಗುಣ ಅಷ್ಟಕ್ಕಷ್ಟೆ.

ಜಠರದ ಒಳಗೋಡೆಗೆ ಒಂದು ಮಿಲಿಮೀಟರಿಗಿಂತ ತೆಳುವಾದ ಲೋಳೆಯ ಹೊದಿಕೆಯಿದೆ. ಊಟ ಕರಗಿಸುವ ಆಮ್ಲ ನಮ್ಮನ್ನೇ ಕರಗಿಸದಂತೆ ಕಾಯುವುದು ಅದು. ಶೇ 40ರ ಮದ್ಯ ನೀರು ಬೆರೆಸದೆ ಖಾಲಿ ಹೊಟ್ಟೆಗೆ ಬಿದ್ದರೆ ಈ ಕಾವಲು ಸಡಿಲಗೊಂಡು, ಆಮ್ಲ ಒಳಗಿನ ಜೀವಕೋಶಗಳಿಗೆ ಇಳಿಯುತ್ತದೆ.

ಹಾಗಾದರೆ ಬಿಯರ್ ಸೌಮ್ಯ, ‘ಬಾಡಿ ಹೀಟಿಗೆ ತಂಪು’ ಎನ್ನೋಣವೇ? ತಮಾಷೆಯಿರುವುದೇ ಇಲ್ಲಿ. ಜಠರದಲ್ಲಿ ಆಮ್ಲ ಉಕ್ಕಿಸುವುದು ವಿಸ್ಕಿಯಲ್ಲ. ಬಿಯರು ಮತ್ತು ವೈನು. ಹುಳಿಸುವಾಗ ಯೀಸ್ಟ್ ಹುಟ್ಟಿಸುವ ಮ್ಯಾಲಿಯಿಕ್, ಸಕ್ಸಿನಿಕ್ ಆಮ್ಲಗಳೇ ಇದಕ್ಕೆ ಕಾರಣ ಎಂದು ಜರ್ಮನಿಯ ಸಂಶೋಧಕರು 1999ರಲ್ಲಿ ತೋರಿಸಿದರು. ವಿಸ್ಕಿ ಗೋಡೆ ಸುಡುತ್ತದೆ, ಬಿಯರು ಹುಳಿ ಸುರಿಯುತ್ತದೆ. ಯಾವುದಕ್ಕೆ ‘ತಂಪು’ ಎನ್ನುವುದು?

ಕೆಂಪು ವೈನಿನ ಪಾಲಿಫಿನಾಲ್‌ಗಳ ಮಾತೂ ಬರುತ್ತದೆ. ಪ್ರಯೋಗಾಲಯದಲ್ಲಿ ಅವು ಜೀವಕೋಶಗಳನ್ನು ಕಾಪಾಡಿದ್ದುಂಟು. ಆದರೆ ಗ್ಲಾಸಿನಲ್ಲಿ ಅವು ಒಂಟಿಯಾಗಿ ಬರುವುದಿಲ್ಲ, ಶೇ 12–14ರ ಆಲ್ಕೋಹಾಲನ್ನು ಜೊತೆಗೇ ತರುತ್ತವೆ. ಪಾಲಿಫಿನಾಲೇ ಬೇಕಿದ್ದವರಿಗೆ ಕಪ್ಪು ದ್ರಾಕ್ಷಿ ಇದೆಯಲ್ಲ.

ಹಾಗೆಂದು ಅಲ್ಸರ್ ಆದವರೆಲ್ಲ ಕುಡುಕರೆಂದು ತೀರ್ಮಾನಿಸುವುದೂ ತಪ್ಪು. ಹುಣ್ಣಿನ ಮುಖ್ಯ ಕಾರಣಗಳು ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಕೆಲವು ನೋವಿನ ಮಾತ್ರೆಗಳು. ಬ್ಯಾಕ್ಟೀರಿಯಾದ ಪಾತ್ರ ಕಂಡುಹಿಡಿದ ವಾರನ್ ಮತ್ತು ಮಾರ್ಷಲ್‌ಗೆ 2005ರ ನೊಬೆಲ್ ಸಿಕ್ಕಿತು. ಕುಡಿದ ಮರುದಿನದ ತಲೆನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ನುಂಗುವವರು ಇದನ್ನು ನೆನಪಿಡಬೇಕು: ಮದ್ಯ, ಮಾತ್ರೆ ಎರಡೂ ಸೇರಿದಾಗ ರಕ್ತಸ್ರಾವದ ಅಪಾಯ ಏರುತ್ತದೆ.

‘ನನಗೇನೂ ಆಗಿಲ್ಲ, ಹೊಟ್ಟೆ ಗಟ್ಟಿಯಿದೆ’ ಎನ್ನುವವರಿಗೆ ಹಳೆಯದೊಂದು ಘಟನೆ ಹೇಳಬೇಕು. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಹತ್ತಿರದಿಂದ ಗುಂಡು ತಗುಲಿತು. ಬದುಕಿದ, ಆದರೆ ಹೊಟ್ಟೆಯ ತೂತು ಮುಚ್ಚಲೇ ಇಲ್ಲ. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಆ ತೂತಿನ ಮೂಲಕ ವರ್ಷಗಟ್ಟಲೆ ಜಠರದೊಳಗೆ ಇಣುಕಿ, 1833ರಲ್ಲಿ ಪುಸ್ತಕ ಬರೆದ. ಸೇಂಟ್ ಮಾರ್ಟಿನ್ ಎಂಟು ಹತ್ತು ದಿನ ಚೆನ್ನಾಗಿ ಕುಡಿದಿದ್ದಾಗೊಮ್ಮೆ ನೋಡಿದರೆ, ಒಳಗೋಡೆ ಕೆಂಪೇರಿತ್ತು, ಅಲ್ಲಲ್ಲಿ ಹುಣ್ಣಿನಂಥ ತೇಪೆಗಳು, ಕೆಲವು ಕಡೆ ರಕ್ತದ ಹನಿ. ಆತ ಹೇಳಿದ್ದೇನು? ಆರಾಮಾಗಿದ್ದೇನೆ, ಹಸಿವು ಚೆನ್ನಾಗಿದೆ ಎಂದು!

ನಮ್ಮ ಹೊಟ್ಟೆಗೆ ಅಂಥ ಕಿಟಕಿಯಿಲ್ಲ, ಒಳಗಿನ ರಕ್ತಸ್ರಾವ ತಿಳಿಯುವುದು ಹೊರಗಿನ ಗುರುತುಗಳಿಂದ. ಮಲ ಡಾಂಬರಿನಂತೆ ಕಪ್ಪಗೆ, ಅಂಟಾಗಿ ಹೋದರೆ, ವಾಂತಿ ಕಾಫಿ ಚರಟದಂತೆ ಕಂಡರೆ, ಜೆಲುಸಿಲ್ ಕುಡಿದು ಬೆಳಗಿನ ತನಕ ಕಾಯಬೇಡಿ. ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ.